ಆಫೀಸ್ ಸರ್ವರ್‌ಗೆ ಐಪಿ ಕೊಡೋದು ಹೇಗೆ? ಮೂರು ದಾರಿ ಮಾಡಿ ನೋಡಿದೆ

ಸಾಗರದ ಒಂದು ಅಡಿಕೆ ಮಂಡಿಯ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಎಂಟು ಕಂಪ್ಯೂಟರ್, ಎರಡು ಪ್ರಿಂಟರ್, ಲೆಕ್ಕಕ್ಕೆ ವಿಂಡೋಸ್ ಸರ್ವರ್, ಫೈಲ್ ಇಡಲು ಉಬುಂಟು ಸರ್ವರ್, ಜೊತೆಗೆ ಕ್ಯಾಮೆರಾ ದೃಶ್ಯ ಉಳಿಸಿಡುವ ಪೆಟ್ಟಿಗೆ, ಅಂದರೆ ಎನ್‌ವಿಆರ್.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ ಸಾಕು, ಬಿಲ್ ಫೋಲ್ಡರ್ ಮಾಯ. ಹತ್ತು ನಿಮಿಷ ಸಿಗುತ್ತದೆ, ಮತ್ತೆ ಇಲ್ಲ. ಒಂದು ದಿನ ಲೆಕ್ಕದವರ ಮೇಜಿನಲ್ಲಿ ಕೂತು 192.168.1.10ಕ್ಕೆ ಪಿಂಗ್ ಹಾಕಿದೆ, ಅಂದರೆ ಅಲ್ಲಿಂದ ಉತ್ತರ ಬರುತ್ತದೆಯೇ ಅಂತ ಕೇಳುತ್ತಾ ಹೋದೆ. ಅದು ಬಿಲ್ ಫೋಲ್ಡರ್ ಇರುವ ಫೈಲ್ ಸರ್ವರ್‌ನ ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ವಿಳಾಸ. ಪಿಂಗ್ ಓಡುತ್ತಿರುವಾಗಲೇ ಸರ್ವರ್‌ನ ಕೇಬಲ್ ಕಿತ್ತೆ. ಸ್ವಲ್ಪ ಹೊತ್ತು ತಪ್ಪಿತು, ಆಮೇಲೆ ಮತ್ತೆ ಉತ್ತರ ಬರತೊಡಗಿತು! ಯಾವ ಐಪಿ ಯಾವ ಯಂತ್ರದ್ದು ಅಂತ ಕಂಪ್ಯೂಟರ್ ಬರೆದಿಟ್ಟುಕೊಳ್ಳುವ ಎಆರ್‌ಪಿ ಪಟ್ಟಿ ತೆಗೆದರೆ ಅಲ್ಲಿದ್ದ ಮ್ಯಾಕ್ ವಿಳಾಸ (ಯಂತ್ರದ ಸ್ವಂತ ಗುರುತು) ಸರ್ವರ್‌ನದಲ್ಲ, ಎನ್‌ವಿಆರ್‌ನದು.

ಆಗಿದ್ದಿಷ್ಟೇ. ಸರ್ವರ್‌ಗೆ ನಾನು ವಿಳಾಸದ ಕೊನೆಯ ಸಂಖ್ಯೆ 10 ಅಂತ ಕೈಯಲ್ಲಿ ಬರೆದಿದ್ದೆ. ರೌಟರ್‌ನಲ್ಲಿ ತಾನಾಗಿ ಐಪಿ ಕೊಡುವ ವ್ಯವಸ್ಥೆ, ಡಿಎಚ್‌ಸಿಪಿ, 2ರಿಂದ 254ರವರೆಗೆ ಹಂಚುತ್ತಿತ್ತು. ಕರೆಂಟ್ ಬಂದಾಗ ರೌಟರ್‌ಗೆ ಹಳೆಯ ಪಟ್ಟಿ ನೆನಪಿರಲಿಲ್ಲ. ಸರ್ವರ್ ಏಳುವಷ್ಟರಲ್ಲಿ 10ನ್ನು ಎನ್‌ವಿಆರ್‌ಗೆ ಕೊಟ್ಟುಬಿಟ್ಟಿತ್ತು. ವಿಂಡೋಸ್ ಆಗಿದ್ದರೆ ಡಿಕ್ಕಿ ಗೊತ್ತಾಗಿ 169.254ರಿಂದ ಶುರುವಾಗುವ ವಿಳಾಸ ಹಾಕಿಕೊಳ್ಳುತ್ತಿತ್ತು. ನಮ್ಮ ಉಬುಂಟು ತುಟಿ ಬಿಚ್ಚಲಿಲ್ಲ.

ಮೊದಲು ಕೈಯಲ್ಲಿ ಬರೆಯುವ ದಾರಿಯನ್ನೇ ಸರಿ ಮಾಡಿದೆ. ಡಿಎಚ್‌ಸಿಪಿ 100ರಿಂದ 200ರವರೆಗೆ ಮಾತ್ರ ಹಂಚುವಂತೆ ಮಾಡಿದೆ, ಸರ್ವರ್, ಪ್ರಿಂಟರ್, ಎನ್‌ವಿಆರ್ ಎಲ್ಲ 10ರಿಂದ 20ರೊಳಗೆ. ಜಗಳ ನಿಂತಿತು. ಆದರೆ ಸಿಡಿಲಿಗೆ ರೌಟರ್ ಸುಟ್ಟು ಹೊಸದು ಬಂತು. ಅದರ ವಿಳಾಸಗಳು 192.168.1ರಿಂದ ಅಲ್ಲ, 192.168.0ರಿಂದ ಶುರು. ಮಾನಿಟರ್, ಕೀಬೋರ್ಡ್ ಹೊತ್ತುಕೊಂಡು ಒಂದೊಂದಕ್ಕೂ ವಿಳಾಸ ಬದಲಿಸಿದೆ. ಹೊಸ ರೌಟರನ್ನೇ 192.168.1.1 ಮಾಡಿದ್ದರೆ ಐದು ನಿಮಿಷದ ಕೆಲಸ, ಅವತ್ತು ಹೊಳೆಯಲಿಲ್ಲ.

ಅದಕ್ಕೇ ಎರಡನೆಯದು: ರೌಟರ್‌ನಲ್ಲೇ ರಿಸರ್ವೇಶನ್. ಈ ಮ್ಯಾಕ್‌ಗೆ ಯಾವಾಗಲೂ ಈ ಐಪಿ ಅಂತ ಒಂದೇ ಪರದೆಯಲ್ಲಿ ಬರೆದಿಡುವುದು. ತುಂಬಾ ಇಷ್ಟವಾಯಿತು. ಯಾವುದು ಎಲ್ಲಿದೆ ಅಂತ ಒಂದೇ ನೋಟಕ್ಕೆ ಸಿಗುತ್ತದೆ. ಆದರೆ ಒಂದು ಬೆಳಿಗ್ಗೆ ಯಾರೋ ವೈಫೈ ಚೆನ್ನಾಗಿ ಸಿಗಲಿ ಅಂತ ಬೇರೊಂದು ಹಳೆಯ ರೌಟರ್ ತಂದು, ಕೇಬಲ್‌ಗಳೆಲ್ಲ ಸೇರುವ ನೆಟ್‌ವರ್ಕ್ ಸ್ವಿಚ್‌ಗೆ ಚುಚ್ಚಿದ್ದರು. ಅದೂ ಐಪಿ ಹಂಚತೊಡಗಿತು. ಎರಡೂ ಸರ್ವರ್ ಅದರಿಂದಲೇ ವಿಳಾಸ ತೆಗೆದುಕೊಂಡು ಕೂತಿದ್ದವು. ಕೈಯಲ್ಲಿ ಬರೆದಿದ್ದರೆ ಅವು ಅಲುಗಾಡುತ್ತಿರಲಿಲ್ಲ ಅಲ್ವಾ? ಹಳೆಯ ರೌಟರ್‌ನ ಡಿಎಚ್‌ಸಿಪಿ ಆಫ್ ಮಾಡಿ, ವಿಳಾಸ 192.168.0.2 ಮಾಡಿ, ಕೇಬಲನ್ನು ಇಂಟರ್ನೆಟ್ ಪೋರ್ಟ್‌ಗಲ್ಲ, ಲ್ಯಾನ್ ಪೋರ್ಟ್‌ಗೇ ಹಾಕಿದೆ. ಈಗ ಅದು ಬರೀ ವೈಫೈ ಕೊಡುತ್ತದೆ.

ಮೂರನೆಯದು ವಿಲ್ಯಾನ್: ಒಂದೇ ಸ್ವಿಚ್‌ನೊಳಗೆ ಬೇರೆ ಬೇರೆ ನೆಟ್‌ವರ್ಕ್ ಮಾಡುವುದು. ಹಾಗೆ ಸೆಟ್ ಮಾಡಲು ಬರುವ ಮ್ಯಾನೇಜ್ಡ್ ಸ್ವಿಚ್ ತಂದು ಸರ್ವರ್‌ಗಳನ್ನು ಒಂದರಲ್ಲಿ, ಕ್ಯಾಮೆರಾಗಳನ್ನು ಇನ್ನೊಂದರಲ್ಲಿ ಹಾಕಿದೆ. ಒಂದರ ಗಲಾಟೆ ಇನ್ನೊಂದಕ್ಕೆ ತಾಗುವುದೇ ಇಲ್ಲ, ಅದು ನಿಜ. ಆದರೆ ಯಜಮಾನರಿಗೆ ಫೋನ್‌ನಲ್ಲಿ ಕ್ಯಾಮೆರಾ ನೋಡಬೇಕು. ಎರಡರ ನಡುವೆ ದಾರಿ ಮಾಡಲು ನಮ್ಮ ರೌಟರ್‌ಗೆ ಬರಲಿಲ್ಲ, ಅದಕ್ಕೆ ವಿಲ್ಯಾನ್ ಗೊತ್ತಿರುವ ಬೇರೆ ರೌಟರ್ ಬೇಕು. ಒಂದು ಭಾನುವಾರ ಪೂರ್ತಿ ಕೂತು, ಸಂಜೆ ಎಲ್ಲ ಹಿಂದಿನಂತೆ ಮಾಡಿದೆ. ಐವತ್ತು ಕಂಪ್ಯೂಟರ್ ಇದ್ದರೆ ಖಂಡಿತ ಇದನ್ನೇ ಮಾಡುತ್ತಿದ್ದೆ. ಎಂಟಕ್ಕೆ ಜಾಸ್ತಿಯಾಯಿತು.

ಈಗ ಎರಡು ಸರ್ವರ್‌ಗಳಿಗೆ ಕೈಬರಹದ ಐಪಿ, ಡಿಎಚ್‌ಸಿಪಿ ಸಾಲಿನ ಹೊರಗೆ. ಪ್ರಿಂಟರ್, ಎನ್‌ವಿಆರ್‌ಗೆ ರಿಸರ್ವೇಶನ್. ಎಲ್ಲದರ ಐಪಿ, ಮ್ಯಾಕ್ ಬರೆದ ಹಾಳೆಯನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ ರ್‍ಯಾಕ್ ಬಾಗಿಲಿಗೆ ಅಂಟಿಸಿದ್ದೇನೆ, ನಮ್ಮ ಮಳೆಗೆ ಬರೀ ಹಾಳೆ ಉಳಿಯುವುದಿಲ್ಲ. ಕಳೆದ ವಾರ ಒಂದೇ ಮಧ್ಯಾಹ್ನ ಮೂರು ಸಲ ಕರೆಂಟ್ ಹೋಯಿತು. ಬಿಲ್ ಫೋಲ್ಡರ್ ಇದ್ದಲ್ಲೇ ಇತ್ತು.