ನಡುಗುವ ಕೋಲಿನ ಜೊತೆ 14 ತಿಂಗಳು

ನನಗೆ ಕಣ್ಣು ಕಾಣುವುದಿಲ್ಲ. ಹಾಸನದಲ್ಲಿ ಒಬ್ಬನೇ ಓಡಾಡುತ್ತೇನೆ. ನೆಲದ ಸಮಾಚಾರವನ್ನೆಲ್ಲ ಬಿಳಿ ಕೋಲು ಹೇಳುತ್ತದೆ, ಆದರೆ ಸೊಂಟದ ಮೇಲಿನದು ಅದಕ್ಕೆ ಗೊತ್ತಾಗದು. ನಿಂತ ಲಾರಿಯ ಹಿಂಭಾಗ, ಅಂಗಡಿ ಮುಂದೆ ಚಾಚಿದ ತಗಡು, ಬಗ್ಗಿದ ಕೊಂಬೆ, ಎಲ್ಲದರ ಗುರುತೂ ನನ್ನ ಹಣೆಯ ಮೇಲಿದೆ. ಎಂಜಿನಿಯರಿಂಗ್ ಕೊನೇ ವರ್ಷದ ನಾಲ್ವರು ಪ್ರಾಜೆಕ್ಟಿಗೆಂದು ಮಾಡಿದ ಸಾಧನವನ್ನು ಕೋಲಿಗೆ ಕಟ್ಟಿಸಿಕೊಂಡಿದ್ದು ಅದಕ್ಕೇ. ದೆಹಲಿ ಐಐಟಿಯ, 2014ರಲ್ಲಿ ಬಂದ ಸ್ಮಾರ್ಟ್‌ಕೇನ್‌ನ ಉಪಾಯವೇ ಇದರದೂ: ಎದುರಿಗೆ ಏನಾದರೂ ಅಡ್ಡ ಇದ್ದರೆ ಕೋಲು ನಡುಗಿ ಎಚ್ಚರಿಸುತ್ತದೆ.

ಒಳಗಿರುವುದು ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಎಚ್‌ಸಿ-ಎಸ್‌ಆರ್04 ಸೆನ್ಸರ್, ಮೊಬೈಲಿನಲ್ಲಿರುವಂಥ ವೈಬ್ರೇಷನ್ ಮೋಟರು. ಸೆನ್ಸರ್ ನಮ್ಮ ಕಿವಿಗೆ ಕೇಳದ 40 ಕಿಲೋಹರ್ಟ್ಸ್ ಸದ್ದು ಬಿಟ್ಟು, ಅದು ತಿರುಗಿ ಬರಲು ಹಿಡಿದ ಹೊತ್ತಿನಿಂದ ದೂರ ಲೆಕ್ಕ ಹಾಕುತ್ತದೆ. ಬಾವಲಿ ಲೆಕ್ಕ. 4 ಮೀಟರ್‌ವರೆಗೆ ಅಳೆಯುತ್ತದೆ, ಹುಡುಗರು ಮೊದಲು ಅಷ್ಟೂ ಬಿಟ್ಟಿದ್ದರು. ಕಟ್ಟಿನಕೆರೆ ಮಾರುಕಟ್ಟೆಗೆ ಹೋದರೆ ಒಂದೇ ಸಮ ನಡುಗಿ ಕೈ ಜೋಮು ಹಿಡಿಯಿತು. "ಕಮ್ಮಿ ಮಾಡ್ಕೊಡ್ತೀವಿ ಸರ್" ಅಂದರು. ಒಂದೂಕಾಲು ಮೀಟರಿಗೆ ಇಳಿಸಿದ ಮೇಲೆ ಬಳಸುವ ಹಾಗಾಯಿತು. ಆಮೇಲೆ ಲಾರಿಗೆ ಹಣೆ ಬಡಿದಿಲ್ಲ.

ಒಣಹಾಕಿದ ಕಂಬಳಿ ಮಾತ್ರ ಇದಕ್ಕೆ ಕಾಣದು. ಮೆತ್ತನೆಯದು ಸದ್ದನ್ನು ನುಂಗಿಬಿಡುತ್ತದೆ. ಓರೆಯಾಗಿ ನಿಂತ ಕಾರಿನಿಂದಲೂ ಸದ್ದು ಪಕ್ಕಕ್ಕೆ ಜಾರುವುದುಂಟು. ಚರಂಡಿ, ಗುಂಡಿ ಹುಡುಕುವುದು ಇಂದಿಗೂ ಕೋಲಿನ ತುದಿಯ ಕೆಲಸವೇ.

ಮೊದಲಿದ್ದ 9 ವೋಲ್ಟ್ ಬ್ಯಾಟರಿ ಎರಡು ಮೂರು ದಿನಕ್ಕೆ ಕೈಕೊಡುತ್ತಿತ್ತು. ಆಮೇಲೆ ಚಾರ್ಜ್ ಮಾಡುವ ಲಿಥಿಯಂ ಸೆಲ್ ಹಾಕಿಕೊಟ್ಟರು. ಚಾರ್ಜ್ ತುಂಬಿದರೆ ನೀಲಿ ದೀಪ ಹತ್ತುತ್ತದಂತೆ. ನೀಲಿ ದೀಪ, ನನಗೆ! ಹೇಳಿದಾಗ ಹುಡುಗರು ನಾಚಿಕೊಂಡರು. ನಕ್ಕೆವು. ಈಗ ತುಂಬಿದರೆ ಎರಡು ಸಲ ನಡುಗುತ್ತದೆ.

ನಿಜವಾದ ಪೇಚು ಶುರುವಾದದ್ದು ಒಂಬತ್ತನೇ ತಿಂಗಳಲ್ಲಿ. ಸಾಧನ ಸುಮ್ಮನಾಯಿತು. ಹುಡುಗರು ಕೆಲಸ ಹಿಡಿದು ಊರು ಬಿಟ್ಟಿದ್ದರು. ಕಾಲೇಜಿಗೆ ಫೋನ್ ಮಾಡಿದರೆ "ಆ ಬ್ಯಾಚ್ ಮುಗೀತು ಸರ್" ಎಂಬ ಉತ್ತರ. ಪುಣ್ಯಕ್ಕೆ, ತಂಡದ ಒಬ್ಬಳು ಹುಡುಗಿ ಡಬ್ಬಿಯ ಮುಚ್ಚಳದ ಒಳಗೆ ಸರ್ಕ್ಯೂಟಿನ ಚಿತ್ರ ಅಂಟಿಸಿ, ಕೋಡನ್ನು ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದಳು. ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ರಿಪೇರಿಯವನು ಆ ಚಿತ್ರ ನೋಡಿ, ಕಿತ್ತುಬಂದಿದ್ದ ವೈರನ್ನು ಹತ್ತು ನಿಮಿಷದಲ್ಲಿ ಬೆಸುಗೆ ಹಾಕಿದ. ಇಂಥ ಸಾಧನ ಯಾರಾದರೂ ಕೊಡಲು ಬಂದರೆ ಮೊದಲು ಸರ್ಕ್ಯೂಟಿನ ಚಿತ್ರ, ಕೋಡು ಎರಡನ್ನೂ ಕೇಳಿ ಇಟ್ಟುಕೊಳ್ಳಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದೂವರೆ ಕಳೆದದ್ದು ಮಳೆಗೆ. ಸೆನ್ಸರಿನ ಎರಡು ಕಣ್ಣುಗಳಿಗೆ ನೀರು ಹೋದರೆ ಮುಗಿಯಿತು, ಮುಚ್ಚಿದರೆ ಸದ್ದು ಹೊರಗೇ ಹೋಗದು. ಹಾಗಾಗಿ ಮಳೆಗಾಲದಲ್ಲಿ ಡಬ್ಬಿ ಬಿಚ್ಚಿಟ್ಟು, ಅಂಚು ಅಗಲವಿರುವ ಟೋಪಿ ಹಾಕಿಕೊಂಡು ಬರೀ ಕೋಲಿನಲ್ಲೇ ಹೊರಡುತ್ತೇನೆ.