ಬಿಸಿಲಚ್ಚಿನ ಕಿಟ್: ಎಲೆಯ ಅಂಚು ಸಿಗುತ್ತದೆ, ನರ ಸಿಗುವುದಿಲ್ಲ

ಕಪ್ಪು ಲಕೋಟೆಯೊಳಗೆ ತೆಳುನೀಲಿ ಬಣ್ಣದ 12 ಹಾಳೆ, ಒಂದೊಂದೂ ಸುಮಾರು 10 ಸೆಂಟಿಮೀಟರ್ ಚೌಕ. ಮೇಲೆ ಒತ್ತಿಡಲು ಪಾರದರ್ಶಕ ಅಕ್ರಿಲಿಕ್ ತುಂಡು ಒಂದು, ಬಳಸುವ ವಿಧಾನ ತಿಳಿಸುವ ಚೀಟಿ ಒಂದು. ಬಿಸಿಲಚ್ಚಿನ ಕಿಟ್ ಅಂದರೆ ಹೆಚ್ಚೂಕಡಿಮೆ ಇಷ್ಟೇ. ಹಾಳೆಯ ಮೇಲೆ ಎಲೆ ಇಟ್ಟು ಬಿಸಿಲಿಗೆ ಹಿಡಿದು ನೀರಲ್ಲಿ ತೊಳೆದರೆ ಗಾಢ ನೀಲಿಯ ನಡುವೆ ಎಲೆಯ ಆಕಾರ ಬೆಳ್ಳಗೆ ಮೂಡುತ್ತದೆ. ವಿಜ್ಞಾನ, ಕಲೆ ಎರಡೂ ಒಂದೇ ಪೊಟ್ಟಣದಲ್ಲಿ ಎನ್ನುವುದು ಮಾರುವವರ ಮಾತು. ಮುಕ್ಕಾಲು ಪಾಲು ನಿಜವೇ. ಆದರೆ ಶಾಲೆಯಿಂದ ಹೊರಗೆ ಕರೆದೊಯ್ದ 5ರಿಂದ 9 ವರ್ಷದ ಮಕ್ಕಳ ಕೈಗೆ ಬರೀ ಇದನ್ನು ಕೊಟ್ಟರೆ ಗೋಡೆಗೆ ಹಚ್ಚಲು ಚೆಂದದ ಚಿತ್ರ ಸಿಗುತ್ತದೆ, ಗಿಡವನ್ನು ನೋಡಿದ್ದು ಮಾತ್ರ ಕಡಿಮೆಯೇ ಇರುತ್ತದೆ.

ಮೊದಲು ಕೆಲಸ ನಡೆಯುವ ಬಗೆ. ಅತಿನೇರಳೆ ಕಿರಣ ಬಿದ್ದಲ್ಲಿ ಹಾಳೆಗೆ ಸವರಿದ ಕಬ್ಬಿಣದ ಲವಣ ಬದಲಾಗಿ, ಅದರ ಜೊತೆಗಿರುವ ಫೆರಿಸಯನೈಡ್ ಎಂಬ ಇನ್ನೊಂದು ಲವಣದೊಡನೆ ಸೇರಿ, ನೀರಿಗೆ ಬಿದ್ದ ಮೇಲೆ ಪ್ರಷ್ಯನ್ ನೀಲಿ ಎಂಬ ಗಾಢ ಬಣ್ಣ ಆಗುತ್ತದೆ. ಈ ನೀಲಿ ನೀರಿಗೆ ಕರಗುವುದಿಲ್ಲ. ಎಲೆಯ ಮರೆಯಲ್ಲಿದ್ದ ಲವಣ ಹಾಗೆಯೇ ಉಳಿದು, ತೊಳೆದಾಗ ಹೊರಟುಹೋಗುತ್ತದೆ. ಸಯನೋಟೈಪ್ ಎಂಬ ಈ ವಿಧಾನವನ್ನು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದರು. ಮರುವರ್ಷವೇ ಅಲ್ಲಿನ ಸಸ್ಯಶಾಸ್ತ್ರಜ್ಞೆ ಆನಾ ಆಟ್ಕಿನ್ಸ್ ಕಡಲಪಾಚಿಗಳನ್ನು ದಾಖಲಿಸಲು ಇದನ್ನು ಬಳಸತೊಡಗಿದರು, ಕೂದಲೆಳೆಯಂಥ ಆ ಪಾಚಿಗಳನ್ನು ಕೈಯಲ್ಲಿ ತಪ್ಪಿಲ್ಲದೆ ಬಿಡಿಸುವುದು ಕಷ್ಟವಿತ್ತು. ಅಂದರೆ ಇದು ಹುಟ್ಟಿದ ಹೊಸತರಲ್ಲೇ ಗಿಡ ಗುರುತಿಸುವವರ ಸಾಧನವಾಗಿತ್ತು. ಕಿಟ್ ಕೊಳ್ಳುವವರು ಇದನ್ನು ಮರೆಯದಿದ್ದರೆ ಒಳ್ಳೆಯದು.

ಹಾಳೆಯ ಬಣ್ಣ ಬದಲಾಗುವುದೇ ಮಕ್ಕಳಿಗೆ ಅರ್ಧ ಪಾಠ. ಬಿಸಿಲಿಗಿಟ್ಟ ಮೊದಲ ನಿಮಿಷದಲ್ಲೇ ತೆಳುನೀಲಿ ಮಂಕಾಗತೊಡಗುತ್ತದೆ. ಮೂರು ನಾಲ್ಕು ನಿಮಿಷಕ್ಕೆ ಎಲೆಯ ಸುತ್ತಲಿನ ಜಾಗ ಹೆಚ್ಚುಕಡಿಮೆ ಬಿಳಿ. ಆಗ ಎಲೆ ಎತ್ತಿದರೆ ಅದರಡಿ ನೀಲಿ, ಸುತ್ತ ಬಿಳಿ. ನೀರಿಗೆ ಬಿಟ್ಟ ಕೂಡಲೇ ಎಲ್ಲ ತಿರುವುಮುರುವು: ಸುತ್ತ ನೀಲಿ ಏರುತ್ತದೆ, ಎಲೆಯ ಜಾಗ ಬಿಳಿಯಾಗುತ್ತದೆ. ಇದನ್ನು ಮುಂಚೆಯೇ ಹೇಳಿಬಿಡಬಾರದು. ‘ನೀರಿಗೆ ಹಾಕಿದರೆ ಯಾವ ಕಡೆ ನೀಲಿ ಆಗಬಹುದು?’ ಎಂದು ಕೇಳಿ, ಕೈ ಎತ್ತಿಸಿ, ಆಮೇಲೆ ಮುಳುಗಿಸಬೇಕು. ನೀಲಿ ಪೂರ್ತಿ ಗಾಢವಾಗಲು ಸುಮಾರು ಒಂದು ದಿನ ಬೇಕು. ಅಲ್ಲೇ ತೋರಿಸಬೇಕೆಂದರೆ ಕೊನೆಯ ನೀರಿಗೆ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಒಂದು ಮುಚ್ಚಳದಷ್ಟು ಹಾಕಿದರೆ ಕ್ಷಣದಲ್ಲಿ ಕಪ್ಪುನೀಲಿ ಆಗುತ್ತದೆ. ಆ ಬಾಟಲಿ ಮಾತ್ರ ದೊಡ್ಡವರ ಕೈಯಲ್ಲೇ ಇರಲಿ.

ಎಷ್ಟು ಹೊತ್ತು ಬಿಸಿಲಲ್ಲಿಡಬೇಕು ಎಂಬುದಕ್ಕೆ ಚೀಟಿಯಲ್ಲಿರುವ ಅಂಕಿಯನ್ನು ನಂಬಿ ಕೂರಬೇಡಿ. ನಡುಹಗಲ ನೇರ ಬಿಸಿಲಿಗೆ 2ರಿಂದ 5 ನಿಮಿಷ ಸಾಕು, ಮೋಡವಿದ್ದರೆ 10ರಿಂದ 20 ನಿಮಿಷವೂ ಆಗಬಹುದು. ಸ್ಥಳಕ್ಕೆ ಹೋದ ತಕ್ಷಣ ಒಂದು ಹಾಳೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಒಂದು ಪಟ್ಟಿಯನ್ನು ಬಿಸಿಲಿಗಿಡಿ. ಅದರ ಮೇಲೆ ರಟ್ಟು ಮುಚ್ಚಿ, ನಿಮಿಷಕ್ಕೊಮ್ಮೆ 2 ಸೆಂಟಿಮೀಟರಿನಷ್ಟು ಸರಿಸುತ್ತ ಬಂದು ತೊಳೆದರೆ ಐದು ಮೆಟ್ಟಿಲಿನ ನೀಲಿ ಸಿಗುತ್ತದೆ. ಯಾವ ಮೆಟ್ಟಿಲಿನ ನಂತರ ನೀಲಿ ಹೆಚ್ಚುತ್ತಿಲ್ಲವೋ ಅದೇ ಅವತ್ತಿನ ಹೊತ್ತು. ಏಳು ದಾಟಿದ ಮಕ್ಕಳು ಇದನ್ನು ತಾವೇ ಮಾಡಬಲ್ಲರು.

ಕೆಡುವುದು ಎಲ್ಲೆಲ್ಲಿ? ಎಲ್ಲಕ್ಕಿಂತ ದುಬಾರಿ ತಪ್ಪು ಲಕೋಟೆಯನ್ನು ಬಯಲಲ್ಲಿ ಬಿಚ್ಚುವುದು. ನೆರಳಲ್ಲಿ ಬಿಚ್ಚಿದರೂ ಪೂರ್ತಿ ಸುರಕ್ಷಿತವಲ್ಲ, ಏಕೆಂದರೆ ಅತಿನೇರಳೆ ಕಿರಣದ ದೊಡ್ಡ ಪಾಲು ಆಕಾಶದ ಎಲ್ಲ ಕಡೆಯಿಂದ ಚದುರಿ ಬರುತ್ತದೆ. ಕೋಣೆಯೊಳಗೋ, ಬಸ್ಸಿನಲ್ಲಿ ಪರದೆ ಎಳೆದೋ, ದೊಡ್ಡ ರಟ್ಟಿನ ಪೆಟ್ಟಿಗೆಯೊಳಗೋ ಹಾಳೆಯನ್ನು ಒಂದೊಂದಾಗಿ ತೆಗೆಯಬೇಕು. ಮಕ್ಕಳ ಹೆಸರನ್ನು ಹಿಂದಿನ ದಿನವೇ ಕೋಣೆಯಲ್ಲಿ ಕುಳಿತು ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿಡಿ. ಸ್ಕೆಚ್ ಪೆನ್ನಿನ ಶಾಯಿ ನೀರಲ್ಲಿ ಹರಡುತ್ತದೆ. ಎರಡನೆಯದು ಇಣುಕಿ ನೋಡುವ ಚಪಲ. ‘ಆಯ್ತಾ’ ಎಂದು ಎಲೆ ಎತ್ತಿ ಮತ್ತೆ ಇಟ್ಟರೆ ಅಚ್ಚು ಜೋಡಿಯಾಗುತ್ತದೆ. ಎಲೆಯನ್ನು ಅಕ್ರಿಲಿಕ್ಕಿನ ಅಡಿ ಒತ್ತಿ, ಕೆಳಗೆ ರಟ್ಟು ಕೊಟ್ಟು, ಎರಡು ಬದಿಗೆ ಕ್ಲಿಪ್ ಹಾಕಿದರೆ ಈ ತೊಂದರೆಯೂ ಗಾಳಿಯ ಕಾಟವೂ ತಪ್ಪುತ್ತವೆ. ಇಬ್ಬನಿಯಲ್ಲಿ ನೆಂದ ಎಲೆಯನ್ನು ಬಟ್ಟೆಯಿಂದ ಒತ್ತಿ ಒರೆಸದಿದ್ದರೆ ಅಚ್ಚಿನಲ್ಲಿ ಕಲೆ ಖಚಿತ. ದಪ್ಪ ಕಡ್ಡಿ, ಕಾಯಿ, ಉಬ್ಬಿದ ಹೂವು ಇಟ್ಟರೆ ಅಂಚು ಮಸುಕಾಗುತ್ತದೆ, ವಸ್ತು ಹಾಳೆಯಿಂದ ಮೇಲೆದ್ದಷ್ಟೂ ಚದುರಿದ ಬೆಳಕು ಅಡಿಗೆ ನುಗ್ಗುತ್ತದೆ. ಜರೀಗಿಡದ ಗರಿ, ಹುಲ್ಲಿನ ತೆನೆ, ಹಲವು ಕಿರುಎಲೆಗಳು ಸೇರಿದ ಸಂಯುಕ್ತ ಎಲೆ, ಅಂಚಿನಲ್ಲಿ ಗರಗಸದ ಹಲ್ಲಿರುವ ಎಲೆ ಇವೆಲ್ಲ ಚೆನ್ನಾಗಿ ಬರುತ್ತವೆ. ಹಾಲು ಸುರಿಸುವ, ತುರಿಕೆ ತರುವ ಗಿಡಗಳನ್ನು ಮೊದಲೇ ತೋರಿಸಿ ‘ಇವು ಬೇಡ’ ಎಂದುಬಿಡಿ.

ತೊಳೆಯುವುದಕ್ಕೆ ಎರಡು ಟ್ರೇ ಇರಲಿ, ಮೊದಲಿನದು ತೊಳೆಯಲು, ಎರಡನೆಯದು ಜಾಲಿಸಲು. ಹತ್ತು ಹನ್ನೆರಡು ಹಾಳೆಗೊಮ್ಮೆ ಮೊದಲ ಟ್ರೇಯ ನೀರು ಬದಲಿಸಬೇಕು. ಇಲ್ಲದಿದ್ದರೆ ಕರಗಿದ ಲವಣ ಬಿಳಿ ಭಾಗಕ್ಕೇ ಅಂಟಿ, ಒಣಗಿದ ಮೇಲೆ ಎಲೆಯ ಮೈ ತೆಳುನೀಲಿ ಬಳಿದಂತೆ ಕಾಣುತ್ತದೆ. ಸೋಪಿನ ಕೈ ಅದ್ದಿದರೆ ಇನ್ನೊಂದು ಅನಾಹುತ: ಪ್ರಷ್ಯನ್ ನೀಲಿಗೆ ಕ್ಷಾರ ಆಗಿಬರುವುದಿಲ್ಲ, ಬಣ್ಣ ಹಳದಿಗೆ ತಿರುಗಿ ಮಾಸುತ್ತದೆ.

ಈಗ ನಮ್ಮ ಮುಖ್ಯ ತಕರಾರು. ಪೊಟ್ಟಣದ ಮೇಲಿನ ಚಿತ್ರ ನೋಡಿ ‘ಎಲೆಯ ಪೂರ್ತಿ ರಚನೆ ಮೂಡುತ್ತದೆ’ ಎಂದುಕೊಳ್ಳುವವರು ಬಹಳ. ಎಲೆ ಅತಿನೇರಳೆ ಕಿರಣವನ್ನು ಬಹುಪಾಲು ತಡೆದುಬಿಡುವುದರಿಂದ ಅಚ್ಚಿನಲ್ಲಿ ಸಿಗುವುದು ನೆರಳು ಮಾತ್ರ: ಅಂಚು, ತೊಟ್ಟು, ಕಿರುಎಲೆಗಳ ಜೋಡಣೆ. ನರಗಳ ಜಾಲ ಕಾಣುವುದು ಅಪರೂಪ. ತೆಳು ಹೂದಳ ಸ್ವಲ್ಪ ಬೆಳಕು ಬಿಡುವುದರಿಂದ ನಡುನೀಲಿ ಬರಬಹುದು, ಅಷ್ಟೇ. ಜೊತೆಗೆ, ಇಲ್ಲಿ ನೋಡುವ ಕೆಲಸವನ್ನು ಹಾಳೆಯೇ ಮಾಡಿಬಿಡುತ್ತದೆ. ಎಲೆಯಲ್ಲಿ ಎಷ್ಟು ಕಿರುಎಲೆಗಳಿವೆ ಎಂದು ಒಮ್ಮೆಯೂ ಎಣಿಸದ ಮಗುವೂ ಅಚ್ಚುಕಟ್ಟಾದ ಅಚ್ಚು ತೆಗೆಯಬಲ್ಲದು.

ಆದ್ದರಿಂದ ಕಿಟ್ಟಿನ ಜೊತೆ ಎರಡು ಸಾಮಾನು ಸೇರಿಸಲೇಬೇಕು, ಭೂತಗನ್ನಡಿ ಮತ್ತು ಮೇಣದ ಕ್ರೇಯಾನ್. ಭೂತಗನ್ನಡಿ 3 ಪಟ್ಟು ದೊಡ್ಡದಾಗಿಸುವಂಥದ್ದು, ಅಗಲ ಗಾಜಿನದು ಇರಲಿ. 10 ಪಟ್ಟಿನ ಮಡಚುವ ಲೂಪ್ (ಪುಟ್ಟ ಭೂತಗನ್ನಡಿ) ಅನ್ನು ಕಣ್ಣಿಗೆ ತಾಗಿಸಿ ಹಿಡಿದು, ಎಲೆಯನ್ನು ಎರಡೂವರೆ ಸೆಂಟಿಮೀಟರ್ ದೂರಕ್ಕೆ ತರಬೇಕು. ಐದಾರು ವರ್ಷದವರಿಗೆ ಅದು ಒಗ್ಗುವುದಿಲ್ಲ. ಭೂತಗನ್ನಡಿಯಿಂದ ಸೂರ್ಯನನ್ನು ನೋಡಬಾರದು, ಒಣಎಲೆಯ ಮೇಲೆ ಬಿಸಿಲು ಕೂಡಿಸಬಾರದು ಎಂಬುದನ್ನು ಕೈಗೆ ಕೊಡುವ ಮೊದಲೇ ಹೇಳಬೇಕು.

ಕ್ರೇಯಾನ್ ಉಜ್ಜಿ ತೆಗೆಯುವ ಅಚ್ಚಿಗೆ ಎಲೆಯ ಅಡಿಭಾಗ ಮೇಲೆ ಬರಲಿ, ನರ ಉಬ್ಬಿರುವುದು ಆ ಕಡೆಗೇ. ಮೇಲೆ 60–70 ಜಿಎಸ್‌ಎಂನ ತೆಳು ಕಾಗದ. ಡ್ರಾಯಿಂಗ್ ಹಾಳೆಯ ದಪ್ಪಕ್ಕೆ ನರ ಮೂಡುವುದಿಲ್ಲ. ಕ್ರೇಯಾನಿನ ಸುತ್ತಿನ ಕಾಗದ ಸುಲಿದು, ಅಡ್ಡ ಮಲಗಿಸಿ, ನಡುನರದಿಂದ ಅಂಚಿನ ಕಡೆಗೆ ಹಗುರಾಗಿ ಉಜ್ಜಬೇಕು. ಆಯಿಲ್ ಪೇಸ್ಟಲ್ ಬೇಡ, ಮೆತ್ತಿಕೊಳ್ಳುತ್ತದೆ. ಚಿಕ್ಕವರು ಒಂದು ಕೈಯಲ್ಲಿ ಉಜ್ಜುವಾಗ ಇನ್ನೊಂದು ಕೈಯಲ್ಲಿ ಕಾಗದ ಒತ್ತಿ ಹಿಡಿಯುವುದಿಲ್ಲ, ಹಾಗಾಗಿ ಎರಡು ಮೂಲೆಗೆ ಟೇಪ್. ಹುಲ್ಲಿನಲ್ಲಿ ಉದ್ದುದ್ದ ಸಮಾಂತರ ಗೆರೆ, ಅಗಲ ಎಲೆಯಲ್ಲಿ ಬಲೆ. ಎರಡನ್ನೂ ಪಕ್ಕಪಕ್ಕ ಉಜ್ಜಿದ ಮಗುವಿಗೆ ವ್ಯತ್ಯಾಸ ಬಾಯಲ್ಲಿ ಹೇಳಿಕೊಡಬೇಕಿಲ್ಲ.

ಕೆಲಸಗಳ ಸರದಿಯನ್ನು ಹಿಂದುಮುಂದು ಮಾಡಬೇಡಿ. ಮೊದಲು ಭೂತಗನ್ನಡಿ ಮತ್ತು ಪೆನ್ಸಿಲ್, ಒಂದೇ ಎಲೆಗೆ ಐದು ನಿಮಿಷ. ಆಮೇಲೆ ಕ್ರೇಯಾನ್. ಬಿಸಿಲಚ್ಚು ಕಟ್ಟಕಡೆಗೆ, ಅದೇ ಎಲೆಯಿಂದಲೇ. ನೀರಲ್ಲಿ ನೀಲಿ ಏರುವುದನ್ನು ಒಮ್ಮೆ ನೋಡಿದ ಮೇಲೆ ಪೆನ್ಸಿಲ್ ಹಿಡಿದು ಕೂರುವ ಮಗು ಸಿಗುವುದಿಲ್ಲ. ಒಂದೇ ಎಲೆಯ ಮೂರು ಚಿತ್ರ ಅಕ್ಕಪಕ್ಕ ಬಂದಾಗ ಬಿಡಿಸಿದ್ದರಲ್ಲಿ ಹಲ್ಲಿಲ್ಲದ ಅಂಚು ಅಚ್ಚಿನಲ್ಲಿ ಗರಗಸವಾಗಿರುತ್ತದೆ. ‘ನಾನು ಇದನ್ನು ನೋಡಲೇ ಇಲ್ಲ’ ಎಂದು ಮಗುವೇ ಹೇಳಿದರೆ ಅವತ್ತಿನ ಪಾಠ ಆದಂತೆ.

ಎಷ್ಟು ಬೇಕು ಎಂಬ ಲೆಕ್ಕ. 24 ಮಕ್ಕಳಿಗೆ ಎರಡು ಪೊಟ್ಟಣ ಎಂದರೆ ಗಣಿತ ಸರಿ, ಬಯಲಲ್ಲಿ ತಪ್ಪು. ಪರೀಕ್ಷೆಗೂ ಕೆಟ್ಟದ್ದಕ್ಕೂ ಹಾಳೆ ಉಳಿಯುವುದಿಲ್ಲ. ಮೂರು ತನ್ನಿ. ಪೊಟ್ಟಣಕ್ಕೆ ಒಂದೇ ಅಕ್ರಿಲಿಕ್ ಇರುವುದು ಇಂಥ ಕಿಟ್‌ಗಳ ದೊಡ್ಡ ಕೊರತೆ, ಶಾಲೆಯನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ ಎಂದು ಇಲ್ಲೇ ಗೊತ್ತಾಗುತ್ತದೆ. 2 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಕತ್ತರಿಸಿ ಅಂಚು ಉಜ್ಜಿಸಿ ಆರು ಜೊತೆ ಮಾಡಿಕೊಂಡು, ಆರಾರು ಮಕ್ಕಳನ್ನು ನಾಲ್ಕು ಸುತ್ತಿನಲ್ಲಿ ಕರೆಯಿರಿ. ಚಿತ್ರದ ಚೌಕಟ್ಟಿಗೆ ಬಳಸುವ, ಅತಿನೇರಳೆ ತಡೆಯುವ ಬಗೆಯ ಅಕ್ರಿಲಿಕ್ ಬಂದುಬಿಟ್ಟರೆ ಹಾಳೆ ಎಷ್ಟು ಹೊತ್ತಾದರೂ ಬಿಳಿಚಿಕೊಳ್ಳುವುದಿಲ್ಲ. ಹೊರಡುವ ಮೊದಲೇ ಪರೀಕ್ಷಿಸಿ. ಗಾಜು ಬೇಡವೇ ಬೇಡ.

ಹಾಳೆಯನ್ನು ಸ್ವಂತ ತಯಾರಿಸಿದರೆ ಅಗ್ಗ. 100 ಮಿಲೀ ನೀರಿಗೆ 25 ಗ್ರಾಂ ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್, ಇನ್ನೊಂದು 100 ಮಿಲೀಗೆ 10 ಗ್ರಾಂ ಪೊಟಾಶಿಯಂ ಫೆರಿಸಯನೈಡ್. ಬೇಕಾದಷ್ಟನ್ನೇ ಸಮಪಾಲಾಗಿ ಬೆರೆಸಿ, ಮಂದ ಬೆಳಕಲ್ಲಿ ಬಣ್ಣದ ಕುಂಚದಿಂದ ಸವರಿ ಕತ್ತಲಲ್ಲಿ ಒಣಗಿಸಬೇಕು. ಕೈಗವಸು ಹಾಕಿಕೊಂಡು ದೊಡ್ಡವರೇ ಮಾಡುವ ಕೆಲಸ ಇದು, ಪ್ರಬಲ ಆಮ್ಲ ಹತ್ತಿರ ಸುಳಿಯಬಾರದು. ಈ ಹಾಳೆ ಮೊದಲು ಹಳದಿಹಸಿರು ಇದ್ದು, ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗುತ್ತದೆ. ಮೇಲೆ ಹೇಳಿದ ಬಣ್ಣದ ಗುರುತು ಇದಕ್ಕೆ ಹೊಂದುವುದಿಲ್ಲ. ಒಂದೆರಡು ತರಗತಿಗಳಿಗಾದರೆ ಈ ತಲೆನೋವು ಬೇಡ, ಸಿದ್ಧ ಪೊಟ್ಟಣವೇ ಮೇಲು.

ಒಣಗಿದ ಅಚ್ಚುಗಳನ್ನು ದಪ್ಪ ಪುಸ್ತಕದಡಿ ಒಂದು ರಾತ್ರಿ ಇಟ್ಟರೆ ಸುರುಳಿ ಬಿಡುತ್ತದೆ. ಬಿಸಿಲು ಬೀಳುವ ಗೋಡೆಗೆ ಹಚ್ಚಿದರೆ ನೀಲಿ ಮಾಸುತ್ತದೆ, ಹಾಗೆ ಮಾಸಿದ್ದನ್ನು ಕೆಲವು ದಿನ ಕತ್ತಲ ಕಪಾಟಿನಲ್ಲಿಟ್ಟರೆ ಬಹುಪಾಲು ಮರಳಿ ಬರುತ್ತದೆ. ಕೆಟ್ಟುಹೋದ ಅಚ್ಚುಗಳಿದ್ದರೆ ಎಸೆಯದೆ, ಅರ್ಧಕ್ಕೆ ರಟ್ಟು ಮುಚ್ಚಿ ತರಗತಿಯ ಕಿಟಕಿಗೆ ಅಂಟಿಸಿ ಎರಡು ವಾರ ಬಿಡಿ. ಆಮೇಲೆ ರಟ್ಟು ತೆಗೆದು, ಮಾಸಿದ ಅರ್ಧವನ್ನು ಮಕ್ಕಳಿಗೆ ತೋರಿಸಿ, ಇಡೀ ಹಾಳೆಯನ್ನು ಅವರ ಕೈಯಿಂದಲೇ ಕಪಾಟಿಗೆ ಹಾಕಿಸಿ.