ದೇವರಾಯನದುರ್ಗದ ಪೇಂಟಿಂಗ್ ಕ್ಯಾಂಪ್: ದುಡ್ಡು ಕಟ್ಟುವ ಮುಂಚೆ ಓದಿ

'ಕಾಡಿನಲ್ಲಿ ಎರಡು ದಿನ, ಬಣ್ಣದ ಜೊತೆ' ಅಂತ ಫೆಬ್ರವರಿಯಲ್ಲಿ ವಾಟ್ಸಾಪ್‌ಗೆ ಒಂದು ಪೋಸ್ಟರ್ ಬಂತು. ತಲೆಗೆ 4,500 ರೂಪಾಯಿ. ಊಟ, ಟೆಂಟು, ಕಲಿಸುವವರು ಎಲ್ಲ ಸೇರಿ. ತುಮಕೂರಿನ ನಮಗೆ ದೇವರಾಯನದುರ್ಗ ಅಂದ್ರೆ ಮನೆ ಹಿತ್ತಲಿದ್ದ ಹಾಗೆ. ಏನಾದೀತು ಅಂತ ನಾನೂ ಗೆಳತಿಯೂ ದುಡ್ಡು ಕಳಿಸಿದೆವು. ಒಟ್ಟು 14 ಜನ ಸೇರಿದ್ದೆವು.

ಬೆಟ್ಟದ ಬುಡದ ನಾಮದ ಚಿಲುಮೆ ಬುಗ್ಗೆ ದಾಟಿ ಒಳದಾರಿಗೆ ತಿರುಗುತ್ತಿದ್ದಂತೆ ಫಾರೆಸ್ಟ್ ಗಾರ್ಡ್ ತಡೆದರು. 'ಪರ್ಮಿಷನ್ ಲೆಟರ್ ಎಲ್ರೀ?' ಕ್ಯಾಂಪ್ ನಡೆಸುವಾತ 'ಮಾತಾಡಿದೀವಿ ಸಾರ್' ಅಂತ ಫೋನ್ ತೋರಿಸಿದ. ಕಾಗದ ಇರಲಿಲ್ಲ. ವಾಪಸ್ ಕಳಿಸಿದರು, ಒಳ್ಳೆಯದೇ ಮಾಡಿದರು. ಚಿರತೆ, ಕರಡಿ ಓಡಾಡುವ ಕಾಡು ಅದು. ಆಗಲೇ ನಾವು ಮನೆಗೆ ಹೋಗಬೇಕಿತ್ತು. 'ಇನ್ನೊಂದು ಸೂಪರ್ ಜಾಗ ಇದೆ' ಅಂತ ಬೆಟ್ಟ ಸುತ್ತಿಸಿ ಒಂದು ದೊಡ್ಡ ಬಂಡೆ ಹತ್ತಿರ ಕೂರಿಸಿದ.

ಟ್ರೆಕ್ಕಿಂಗ್‌ನವರು ಹತ್ತು ನಿಮಿಷ ನಿಂತು ಫೋಟೊ ಹೊಡೆದು ಹೋಗುತ್ತಾರೆ. ಚಿತ್ರ ಬರೆಯುವವರು ಒಂದೇ ಕಡೆ ಮೂರು ಗಂಟೆ ಕೂರಬೇಕು. 9ಕ್ಕೆ ಇದ್ದ ನೆರಳು 11ಕ್ಕೆ ಇರಲಿಲ್ಲ. ಜಲವರ್ಣದಲ್ಲಿ ಆಕಾಶಕ್ಕೆ ವಾಶ್ (ನೀರು ಬೆರೆಸಿದ ತೆಳು ಬಣ್ಣ) ಎಳೆದರೆ, ಬ್ರಷ್ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿ ಒಣಗಿ ಗೆರೆ ಬೀಳುತ್ತಿತ್ತು. ಇದ್ದದ್ದು ಒಂದೇ ಕ್ಯಾನ್ ನೀರು, ಕುಡಿಯೋದಕ್ಕೂ ಬ್ರಷ್ ತೊಳೆಯೋದಕ್ಕೂ. ಶಿಂಷಾ, ಜಯಮಂಗಲಿ ಎರಡೂ ನದಿ ಹುಟ್ಟುವ ಬೆಟ್ಟದಲ್ಲಿ ಕೂತು ನೀರಿಗೆ ಪರದಾಡಿದೆವು, ನಗಬೇಡಿ! ಟಾಯ್ಲೆಟ್ ಕೇಳಿದರೆ 'ನೇಚರ್ ಇದೆಯಲ್ಲ ಮೇಡಂ' ಅಂದ.

ಎದುರಿನ ಬಂಡೆಯ ಚಾಚಿನ ಕೆಳಗೆ ಕಪ್ಪಗೆ ಏನೋ ಕಾಣುತ್ತಿತ್ತು. ಮಳೆನೀರು ಸೋರಿದ ಕಲೆ ಅಂದುಕೊಂಡು ನಾನು ಅದನ್ನೂ ಚಿತ್ರದಲ್ಲಿ ಹಾಕಿದೆ, ಸ್ವಲ್ಪ ಇಂಡಿಗೊ ಬೆರೆಸಿ. ಗ್ರೂಪಿಗೆ ಫೋಟೊ ಹಾಕಿದಾಗ 'ವಾವ್' ಅಂತಲೂ ಬಂತು. ಅದು ಹೆಜ್ಜೇನು. ಎರಡು ಗಂಟೆ ದಿಟ್ಟಿಸಿ ನೋಡಿದರೂ ಒಬ್ಬರಿಗೂ ಹೊಳೆಯಲಿಲ್ಲ.

ಅಡುಗೆ ಹುಡುಗ ಟೀಗೆ ಅಂತ ಅಲ್ಲೇ ಸೌದೆ ಒಟ್ಟಿ ಬೆಂಕಿ ಹಚ್ಚಿದ. ಮೀಸಲು ಅರಣ್ಯದೊಳಗೆ ಹೀಗೆ ಬೆಂಕಿ ಹಾಕೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ, ಅದು ಬೇರೆ ಮಾತು. ಹೊಗೆ ನೇರ ಬಂಡೆಗೆ ಹೋಯಿತು. ಮೊದಲು ಒಂದು ಹುಳ ಬಂದು ನನ್ನ ಪ್ಯಾಲೆಟ್‌ನ ಹಳದಿಯಲ್ಲಿ ಸಿಕ್ಕಿಕೊಂಡಿತು. ಆಮೇಲೆ ಗುಂಯ್ ಅಂತ ಇಡೀ ಹಿಂಡು. ಗೆಳತಿ ಟವಲ್ ಬೀಸಿ ಹೊಡೆದಳು, ಅದೇ ತಪ್ಪಾಯಿತು. ಚುಚ್ಚಿದ ಹುಳ ಬಿಡುವ ವಾಸನೆಗೆ ಉಳಿದವೂ ಅಲ್ಲಿಗೇ ಬರುತ್ತವೆ. ಮುಖ ಮುಚ್ಚಿಕೊಂಡು ದೂರ ಓಡಬೇಕು, ಅಷ್ಟೇ. ಅವಳಿಗೆ 22 ಕಡೆ ಚುಚ್ಚಿತ್ತು. ಒಂದು ಕಣ್ಣು ಮುಚ್ಚಿಹೋಯಿತು. ಕ್ಯಾಂಪಿನವರ ಹತ್ತಿರ ಒಂದು ಮಾತ್ರೆಯೂ ಇರಲಿಲ್ಲ. ನನ್ನ ಸ್ಕೂಟರ್ ಹಿಂದೆ ಕೂರಿಸಿಕೊಂಡು ತುಮಕೂರಿನ ಆಸ್ಪತ್ರೆ ತಲುಪಿಸಿದೆ.

ಹೋಗಲೇಬೇಡಿ ಅಂತಿಲ್ಲ. ಅನುಮತಿ ಪತ್ರವನ್ನು ಕಣ್ಣಾರೆ ನೋಡಿ. ಕರೆದೊಯ್ಯುವವರು ಆ ಜಾಗದಲ್ಲಿ, ಅದೇ ತಿಂಗಳಲ್ಲಿ, ಅರ್ಧ ದಿನವಾದರೂ ಕೂತಿದ್ದಾರಾ ಅಂತ ಕೇಳಿ. ತಡವರಿಸಿದರೆ ಬಿಟ್ಟುಬಿಡಿ.

ದುಡ್ಡು ವಾಪಸ್ ಕೇಳಿದ್ದಕ್ಕೆ ಕ್ಯಾಂಪ್ ನಡೆಸುವಾತ 'ಊಟದ ಖರ್ಚು' ಅಂತ ಮುರಿದುಕೊಂಡು ಬರೀ 1,000 ರೂಪಾಯಿ ವಾಪಸ್ ಹಾಕಿದ. ಈಗ ಹೊಸ ಪೋಸ್ಟರ್ ಓಡಾಡುತ್ತಿದೆ, ಈ ಸಲ ಕೋಲಾರದ ಅಂತರಗಂಗೆಗೆ. 'ನಾಲ್ಕೇ ಸೀಟು ಬಾಕಿ' ಅಂತೆ. ಅದರ ಮೇಲಿರುವ ಚಿತ್ರ ನನ್ನದು, ಕೇಳದೆ ಹಾಕಿಕೊಂಡಿದ್ದಾನೆ. ಬಂಡೆ ಕೆಳಗೆ ಕಪ್ಪು ಕಲೆ ಇದೆ ನೋಡಿ, ಗುರುತು ಸಿಗುತ್ತೆ.